ಮೊದಲು ಅಮ್ಮನ ನಡಿಗೆ, ಕೊನೆಗೆ ರಾಜೀನಾಮೆ

ಕೆಲಸ ಬಿಟ್ಟು ಹೆತ್ತವರೊಂದಿಗೆ ಯುರೋಪಿನಲ್ಲಿ ಐವತ್ತು ದಿನ ಕಳೆಯುವ ಯೋಚನೆ ಇದೆಯೇ? ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಲೆಕ್ಕ ಇಲ್ಲಿದೆ.

ಹತ್ತು ಹದಿನೈದು ವರ್ಷ ದುಡಿದ ಮೇಲೆ ಕೆಲಸ ಬಿಟ್ಟು, ಮುಂದಿನದನ್ನು ಹಿಡಿಯುವ ಮೊದಲು ಅಮ್ಮನನ್ನೋ ಅಪ್ಪನನ್ನೋ ಕರೆದುಕೊಂಡು ಹೊರದೇಶ ಸುತ್ತಿ ಬರೋಣ ಎಂದುಕೊಳ್ಳುವವರು ಇಂದು ಅಪರೂಪವಲ್ಲ. ಯೋಚನೆ ಒಳ್ಳೆಯದೇ, ಆದರೆ ಅದನ್ನು ಶುರು ಮಾಡುವ ಕ್ರಮ ಹೆಚ್ಚಾಗಿ ತಲೆಕೆಳಗಾಗಿರುತ್ತದೆ. ಮೊದಲು ರಾಜೀನಾಮೆಯ ಮೇಲ್ ಹೋಗುತ್ತದೆ. ನೋಟಿಸ್ ಪೀರಿಯಡ್ಡಿನ ಗಡಿಬಿಡಿಯಲ್ಲಿ ಟಿಕೆಟ್ಟು, ವೀಸಾ, ವಿಮೆಗೆ ಓಡಾಟ ನಡೆಯುತ್ತದೆ. ಅಮ್ಮನ ಮಂಡಿನೋವು, ಅಪ್ಪನ ಬಿ.ಪಿ. ಮಾತ್ರೆ ನೆನಪಾಗುವುದು ಕೊನೆಯ ವಾರದಲ್ಲಿ. ಈ ಲೇಖನ ಹೇಳುವುದು ಇದರ ವಿರುದ್ಧ ಕ್ರಮವನ್ನು. ಕೆಲಸ ಬಿಡುವುದರಿಂದ ಕೈಗೆ ಸಿಗುವುದು ಸಮಯ. ಹತ್ತು ದಿನದ ರಜೆಯಲ್ಲಿ ಹೋದವರಿಗೆ ಓಡದೆ ಬೇರೆ ದಾರಿಯಿಲ್ಲ, ಐವತ್ತು ದಿನ ಇರುವವರಿಗೆ ಇದೆ. ಆ ಸಮಯವನ್ನು ಇನ್ನಷ್ಟು ದೇಶಗಳಿಗೆ ಹಂಚಿದರೆ ಕೆಲಸ ಬಿಟ್ಟದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಹಿರಿಯರ ದೇಹಕ್ಕೆ ಹಿತವಾಗುವ ವೇಗದಲ್ಲಿ ಅದನ್ನು ಖರ್ಚು ಮಾಡಬೇಕು. ಹಾಗೆ ಮಾಡಲು ಯೋಜನೆ ಅವರ ಕಾಲಿನಿಂದ ಶುರುವಾಗಬೇಕು, ಹಿಂದೆ ತೆಗೆದುಕೊಳ್ಳಲಾಗದ ರಾಜೀನಾಮೆ ಕೊನೆಯಲ್ಲಿ ಬರಬೇಕು. ಉದಾಹರಣೆಗೆ ಏಪ್ರಿಲ್ ಮೂರನೆಯ ವಾರ ಬೆಂಗಳೂರಿನಿಂದ ಹೊರಟು ಜೂನ್ ಎರಡನೆಯ ವಾರ ಮರಳುವ ಯುರೋಪ್ ಪ್ರವಾಸವೊಂದನ್ನು ಇಟ್ಟುಕೊಂಡು, ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ ಅಕ್ಟೋಬರ್‌ನಿಂದ ಶುರು ಮಾಡೋಣ. ಇಲ್ಲಿ ಅಮ್ಮ ಎಂದಿರುವಲ್ಲೆಲ್ಲ ಅಪ್ಪ ಎಂದೂ ಓದಿಕೊಳ್ಳಬಹುದು.

ಹೆಜ್ಜೆ 1: ಕೇಳಿ, ನಡೆಸಿ ನೋಡಿ (ಅಕ್ಟೋಬರ್)

‘ಯುರೋಪಿಗೆ ಹೋಗೋಣವಾ ಅಮ್ಮಾ?’ ಎಂದು ಕೇಳಿದರೆ ‘ನಿನ್ನಿಷ್ಟ’ ಎಂಬ ಉತ್ತರ ಬರುತ್ತದೆ. ಅದು ಒಪ್ಪಿಗೆಯೂ ಇರಬಹುದು, ಮಗಳ ಆಸೆಗೆ ತಣ್ಣೀರು ಎರಚಬಾರದೆಂಬ ಸಂಕೋಚವೂ ಇರಬಹುದು. ಆದ್ದರಿಂದ ಬಿಡಿಸಿ ಕೇಳಬೇಕು. ದಿನಕ್ಕೆ ಎಷ್ಟು ಹೊತ್ತು ಹೊರಗಿದ್ದರೆ ಸುಸ್ತಾಗುವುದಿಲ್ಲ? ಎಷ್ಟು ದಿನ ಹೊರಗಿನ ಊಟ ಸಹಿಸಬಲ್ಲಿರಿ? ಯಾವ ಹಬ್ಬ, ಯಾವ ತಿಥಿ, ಯಾರ ಮನೆಯ ಮದುವೆಗೆ ಊರಲ್ಲಿ ಇರಲೇಬೇಕು? ಕೊನೆಯ ಪ್ರಶ್ನೆ ಸಣ್ಣದಲ್ಲ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಯುರೋಪಿನ ಹವೆ ಚೆನ್ನಾಗಿರುತ್ತದೆ, ಆದರೆ ಪಿತೃಪಕ್ಷ, ನವರಾತ್ರಿ ಬರುವುದೂ ಆಗಲೇ. ಆ ದಿನಗಳಲ್ಲಿ ಅಪರಿಚಿತ ಊರಿನ ಬಾಡಿಗೆ ಮನೆಯಲ್ಲಿರಲು ಎಷ್ಟೋ ತಾಯಂದಿರಿಗೆ ಮನಸ್ಸಾಗುವುದಿಲ್ಲ. ಏಪ್ರಿಲ್–ಜೂನ್ ಆರಿಸಲು ಅದೂ ಒಂದು ಕಾರಣ. ಅಮ್ಮನಿಗೆ ಬೇಕಾದದ್ದು ಕಾಶಿ, ಬದರಿ ಎಂದು ಈ ಮಾತುಕತೆಯಲ್ಲೇ ಗೊತ್ತಾದರೆ ಅದೂ ಲಾಭವೇ. ಯೋಜನೆ ಬದಲಿಸಲು ಇನ್ನೂ ಕಾಲವಿರುತ್ತದೆ.

ಮಾತಿನ ಜೊತೆಗೆ ಪುರಾವೆಯೂ ಬೇಕು. ನಾಲ್ಕೈದು ದಿನ ಹಂಪಿಗೋ ಬಾದಾಮಿಗೋ ರೈಲಿನಲ್ಲಿ ಹೋಗಿ ಬನ್ನಿ. ಎಷ್ಟು ದೂರ ನಡೆದ ಮೇಲೆ ಕೂರಲು ಜಾಗ ಹುಡುಕುತ್ತಾರೆ, ಮೆಟ್ಟಿಲು ಹತ್ತುವುದು ಕಷ್ಟವೋ ಇಳಿಯುವುದು ಕಷ್ಟವೋ, ಎಷ್ಟು ಹೊತ್ತಿಗೊಮ್ಮೆ ಶೌಚಾಲಯ ಬೇಕು, ಮಧ್ಯಾಹ್ನದ ನಿದ್ದೆ ತಪ್ಪಿದರೆ ಸಂಜೆ ಹೇಗಿರುತ್ತಾರೆ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಿ. ಮುಂದಿನ ಪ್ರತಿ ತೀರ್ಮಾನಕ್ಕೂ, ಅಂದರೆ ಊರು, ಮನೆ, ವಿಮಾನ, ದಿನಚರಿಗೆ, ಈ ಟಿಪ್ಪಣಿಯೇ ಆಧಾರ. 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು, ಬೀಳದಿರಲು ವಾರದಲ್ಲಿ ಮೂರು ದಿನ ಸಮತೋಲನದ ವ್ಯಾಯಾಮವೂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಕ್ಟೋಬರ್‌ನಲ್ಲಿ ಆರಂಭಿಸಿದರೆ ಹೊರಡುವ ಹೊತ್ತಿಗೆ ಆರು ತಿಂಗಳ ಅಭ್ಯಾಸವಾಗಿರುತ್ತದೆ. ಹೊಸ ಶೂ ಕೊಳ್ಳುವುದಿದ್ದರೂ ಈಗಲೇ ಕೊಂಡು ಕಾಲಿಗೆ ಒಗ್ಗಿಸಿಕೊಳ್ಳಲಿ.

ಹೆಜ್ಜೆ 2: ವೈದ್ಯರ ಬಳಿ ಸರಿಯಾದ ಪ್ರಶ್ನೆ (ನವೆಂಬರ್)

‘ಅಮ್ಮ ಪ್ರಯಾಣ ಮಾಡಬಹುದಾ ಡಾಕ್ಟ್ರೇ?’ ಎಂಬ ಪ್ರಶ್ನೆಯಿಂದ ಹೆಚ್ಚು ಪ್ರಯೋಜನವಿಲ್ಲ. ಪ್ರಯಾಣದಲ್ಲಿ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಮುಂದಿಟ್ಟು ಕೇಳಬೇಕು. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಇರುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 6,300 ಅಡಿ. ಹೃದಯ, ಶ್ವಾಸಕೋಶದ ತೊಂದರೆ ಅಥವಾ ರಕ್ತಹೀನತೆ ಇರುವವರು ಅಂಥ ಎತ್ತರದಲ್ಲಿ ಒಂಬತ್ತು ಹತ್ತು ಗಂಟೆ ಕೂರಬಹುದೇ ಎಂಬುದು ವೈದ್ಯರು ನಿಖರವಾಗಿ ಉತ್ತರಿಸಬಲ್ಲ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕದಲದೆ ಕೂತು ಪ್ರಯಾಣಿಸಿದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ಆರೋಗ್ಯವಂತರಲ್ಲಿ ಅದು 6,000 ಜನಕ್ಕೆ ಒಬ್ಬರಷ್ಟೇ, ಹೆದರಬೇಕಾದ್ದಿಲ್ಲ. ಆದರೆ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಹಿಂದೆ ಒಮ್ಮೆ ರಕ್ತ ಹೆಪ್ಪುಗಟ್ಟಿದ್ದವರು ಬಿಗಿ ಕಾಲುಚೀಲ ಅಥವಾ ಔಷಧ ಬೇಕೇ ಎಂದು ಕೇಳಲೇಬೇಕು. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ ಇರುವುದು 3,454 ಮೀಟರ್ ಎತ್ತರದಲ್ಲಿ. ಕಣಿವೆಯಿಂದ ಅಲ್ಲಿಗೆ ಕೆಲವೇ ತಾಸಿನಲ್ಲಿ ಏರುತ್ತಾರೆ. ಅದು ಪಟ್ಟಿಯಲ್ಲಿದ್ದರೆ ಪ್ರತ್ಯೇಕವಾಗಿ ಕೇಳಿ. ಹಲ್ಲಿನ ಪರೀಕ್ಷೆಯನ್ನೂ ಈಗಲೇ ಮುಗಿಸಿ, ಏಕೆಂದರೆ ಪ್ರವಾಸ ವಿಮೆ ಹಲ್ಲಿನ ವಿಷಯದಲ್ಲಿ ಸಾಮಾನ್ಯವಾಗಿ ದಿಢೀರ್ ನೋವಿನ ಶಮನಕ್ಕಿಂತ ಮುಂದೆ ಹೋಗುವುದಿಲ್ಲ.

ವೈದ್ಯರಿಂದ ಎರಡು ಕಾಗದ ಪಡೆಯಿರಿ. ಮೊದಲನೆಯದು ಚೀಟಿ. ಅದರಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರು ಕಡ್ಡಾಯವಾಗಿ ಇರಲಿ, ನಮ್ಮ ಬ್ರ್ಯಾಂಡುಗಳು ಅಲ್ಲಿನ ಔಷಧದಂಗಡಿಯವರಿಗೆ ಗೊತ್ತಿರುವುದಿಲ್ಲ. ಎರಡನೆಯದು ಕಾಯಿಲೆ, ಔಷಧದ ಪ್ರಮಾಣ, ಅಲರ್ಜಿ, ರಕ್ತದ ಗುಂಪು, ಹಿಂದಿನ ಶಸ್ತ್ರಚಿಕಿತ್ಸೆಗಳಿರುವ ಒಂದು ಪುಟದ ಸಾರಾಂಶ. ಹಳೆಯ ಇ.ಸಿ.ಜಿ.ಯ ಫೋಟೊ ಮೊಬೈಲಿನಲ್ಲಿರಲಿ. ಎದೆನೋವೆಂದು ಆಸ್ಪತ್ರೆಗೆ ಹೋದರೆ ಹೊಸದರ ಪಕ್ಕ ಇಟ್ಟು ನೋಡಲು ಅದು ಬೇಕಾಗುತ್ತದೆ. ಪೂರ್ತಿ ಪ್ರವಾಸಕ್ಕೆ ಸಾಲುವಷ್ಟು ಮಾತ್ರೆ, ಮೇಲೆ ಎರಡು ವಾರದ ಹೆಚ್ಚುವರಿ, ಎಲ್ಲವೂ ಮೂಲ ಪೊಟ್ಟಣದಲ್ಲೇ, ಕೈಚೀಲದಲ್ಲೇ ಇರಬೇಕು. ಇನ್ಸುಲಿನ್ ಅನ್ನು ಚೆಕ್-ಇನ್ ಸಾಮಾನಿಗೆ ಹಾಕಲೇಬಾರದು, ಹೆಪ್ಪುಗಟ್ಟಿದರೆ ಅದು ಕೆಡುತ್ತದೆ. ಯುರೋಪಿನ ಬದಲು ಜಪಾನಿಗೋ ಕೊಲ್ಲಿ ದೇಶಕ್ಕೋ ಹೋಗುವವರು ಇನ್ನೂ ಎಚ್ಚರವಾಗಿರಬೇಕು. ಚೀಟಿಯ ಔಷಧವನ್ನು ಒಂದು ತಿಂಗಳಿಗಿಂತ ಹೆಚ್ಚು ಒಯ್ಯಲು ಜಪಾನಿನಲ್ಲಿ ಮುಂಗಡ ಅನುಮತಿ ಬೇಕು. ಕೊಡೀನ್, ಟ್ರಮಡಾಲ್ ಇರುವ ನೋವಿನ ಔಷಧಗಳು ಯು.ಎ.ಇ.ಯಲ್ಲಿ ನಿಯಂತ್ರಿತ.

ಹೆಜ್ಜೆ 3: ಪಾಸ್‌ಪೋರ್ಟಿನ ಹೆಸರು (ನವೆಂಬರ್)

ನಮ್ಮ ಕಡೆ ಹಿರಿಯರ ಹೆಸರಿನ ಮುಂದೆ ಊರಿನದೋ ತಂದೆಯದೋ ಒಂದಕ್ಷರ ಇರುತ್ತದೆ, ಉಪನಾಮ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಬಿಡಿಸಿ ಬರೆದ ಹೆಸರು ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬೇರೆ ಬೇರೆ ಆಗಿದ್ದರೆ ವೀಸಾ ಅರ್ಜಿಯ ಹೊತ್ತಿಗೆ ತಲೆನೋವು ಶುರುವಾಗುತ್ತದೆ. ಉಪನಾಮದ ಜಾಗ ಖಾಲಿ ಬಿಟ್ಟು ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಭೇಟಿ ವೀಸಾ ಕೊಡುವುದಿಲ್ಲವೆಂದು ಯು.ಎ.ಇ. 2022ರ ನವೆಂಬರ್‌ನಲ್ಲಿ ಹೇಳಿತ್ತು. ದುಬೈಯಲ್ಲಿ ಇಳಿದು ಎರಡು ದಿನ ಇದ್ದು ಮುಂದೆ ಹೋಗೋಣ ಎನ್ನುವವರು ಇದನ್ನು ಗಮನಿಸಬೇಕು. ಯುರೋಪಿನ ಹೆಚ್ಚಿನ ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪಾಸ್‌ಪೋರ್ಟು ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ನಿಮ್ಮ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಮ್ಮನ ಹೆಸರು ಅವರ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯೇ ನೋಡಿ. ಇಬ್ಬರ ಸಂಬಂಧ ತೋರಿಸಲು ಅದು ಅನುಕೂಲ. ಅಮ್ಮನ ಪಿಂಚಣಿಯ ಜೀವನ ಪ್ರಮಾಣಪತ್ರವನ್ನೂ ಇದೇ ತಿಂಗಳು ಮುಗಿಸಿಬಿಡಿ.

ಹೆಜ್ಜೆ 4: ಊರು ಆರಿಸುವ ಬಗೆ (ಡಿಸೆಂಬರ್)

ಋತುವಿನಿಂದ ಶುರು ಮಾಡೋಣ. ಯುರೋಪ್ ಎಂದರೆ ಚಳಿ ಎಂಬುದು ನಮ್ಮ ಎಣಿಕೆ, ಆದರೆ ಹಿರಿಯರಿಗೆ ಅಲ್ಲಿನ ಬೇಸಿಗೆ ಹೆಚ್ಚು ಅಪಾಯಕಾರಿ. 2003ರ ಆಗಸ್ಟ್‌ನ ಬಿಸಿಗಾಳಿಯಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಸತ್ತರು, ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ಬೆಚ್ಚಗಿರಲೆಂದು ಕಟ್ಟಿದ ಅಲ್ಲಿನ ಹಳೆಯ ಮನೆಗಳಲ್ಲಿ ಸೀಲಿಂಗ್ ಫ್ಯಾನಾಗಲಿ ಏ.ಸಿ.ಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಚಳಿಗಾಲದಲ್ಲಿ ಹಗಲು ಚಿಕ್ಕದು, ಹೆಪ್ಪುಗಟ್ಟಿದ ನೆಲ ಜಾರುತ್ತದೆ. ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ ಸ್ವೆಟರ್ ಹಾಕಿಕೊಂಡು ಆರಾಮವಾಗಿ ಓಡಾಡಬಹುದು. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತರ ಸುಮಾರು ಅಥವಾ ಇನ್ನೂ ತಡವಾಗಿರುತ್ತದೆ, ಹಾಗಾಗಿ ಮಾತ್ರೆ ಮತ್ತು ಮಲಗುವ ಹೊತ್ತನ್ನು ಗಡಿಯಾರ ನೋಡಿಯೇ ಪಾಲಿಸಬೇಕು.

ಊರುಗಳನ್ನು ಆರಿಸುವಾಗ ಫೋಟೊಗಳನ್ನು ಬದಿಗಿಟ್ಟು ಏರು, ಮೆಟ್ಟಿಲು, ಲಿಫ್ಟು ನೋಡಿ. ಹಂಪಿಯ ಟಿಪ್ಪಣಿ ಇಲ್ಲಿ ಕೆಲಸಕ್ಕೆ ಬರುತ್ತದೆ. ವಿಯೆನ್ನಾದ ಮೆಟ್ರೊ ನಿಲ್ದಾಣಗಳನ್ನೆಲ್ಲ ಮೆಟ್ಟಿಲು ಹತ್ತದೆಯೇ ತಲುಪಬಹುದು, ನೆಲಮಟ್ಟದಲ್ಲೇ ಹತ್ತಿಳಿಯುವ ಟ್ರಾಮುಗಳಿವೆ. ಪ್ಯಾರಿಸ್ಸಿನ ಮೆಟ್ರೊ ಹಳೆಯದು, ಹೆಚ್ಚಿನ ನಿಲ್ದಾಣಗಳಲ್ಲಿ ಮೆಟ್ಟಿಲೇ ಗತಿ. ಅಲ್ಲಿ 14ನೇ ಮಾರ್ಗ ಮತ್ತು ಬಸ್ಸುಗಳು ಹಿರಿಯರಿಗೆ ಅನುಕೂಲ. ವೆನಿಸ್ಸಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿದ್ದು, ಹೆಚ್ಚಿನವಕ್ಕೆ ಮೆಟ್ಟಿಲು ಹತ್ತಿ ಇಳಿಯಬೇಕು. ಲಿಸ್ಬನ್ ಬೆಟ್ಟಗಳ ಮೇಲಿನ ಊರು. ಆಮ್‌ಸ್ಟರ್‌ಡ್ಯಾಮ್ ಸಮತಟ್ಟಾಗಿದೆ, ಆದರೆ ಕಾಲುವೆ ಬದಿಯ ಹಳೆಯ ಮನೆಗಳೊಳಗಿನ ಮೆಟ್ಟಿಲು ಏಣಿಯಷ್ಟು ಕಡಿದು. ವೆನಿಸ್, ಲಿಸ್ಬನ್ ಬೇಡವೆಂದಲ್ಲ. ಎರಡು ದಿನ ನೋಡಿ ಬರುವ ಊರು ಬೇರೆ, ಹದಿನೈದು ದಿನ ಉಳಿಯುವ ಊರು ಬೇರೆ ಎಂಬುದು ಗೊತ್ತಿರಬೇಕು. ಐವತ್ತು ದಿನಕ್ಕೆ ಮೂರು ತಂಗುದಾಣ ಸಾಕು. ಒಂದೊಂದರಲ್ಲೂ ಎರಡು ವಾರಕ್ಕೂ ಹೆಚ್ಚು ಇದ್ದು, ಅಲ್ಲಿಂದ ದಿನದ ಮಟ್ಟಿಗೆ ಸುತ್ತಮುತ್ತ ಹೋಗಿ ಬನ್ನಿ. ಮನೆ ಗೊತ್ತುಮಾಡುವಾಗ ಲಿಫ್ಟ್ ಇದೆಯೇ, ಬೀದಿಯಿಂದ ಲಿಫ್ಟಿನವರೆಗೆ ಮೆಟ್ಟಿಲಿವೆಯೇ, ಸ್ನಾನಕ್ಕೆ ಎತ್ತರದ ತೊಟ್ಟಿ ದಾಟಬೇಕೇ, ಮಲಗಲು ಎರಡು ಕೋಣೆ ಇವೆಯೇ ಎಂದು ಬರವಣಿಗೆಯಲ್ಲೇ ಕೇಳಿ. ಎರಡು ಕೋಣೆ ಶೋಕಿಯಲ್ಲ. ಐವತ್ತು ದಿನ ಒಂದೇ ಕೋಣೆಯಲ್ಲಿದ್ದರೆ ಎಷ್ಟು ಹೊಂದಿಕೆಯ ತಾಯಿ–ಮಗಳಿಗೂ ಮಾತು ಮಾತಿಗೆ ಸಿಡುಕು ಬರುತ್ತದೆ. ಬೆಳಿಗ್ಗೆ ಒಂದೇ ಜಾಗ, ಮಧ್ಯಾಹ್ನ ಮನೆಗೆ ಮರಳಿ ಊಟ, ನಿದ್ದೆ, ಸಂಜೆ ಹತ್ತಿರದ ಪಾರ್ಕು ಎಂಬ ದಿನಚರಿ ಇರಲಿ. ಮೂರು ದಿನಕ್ಕೊಮ್ಮೆ ಎಲ್ಲಿಗೂ ಹೋಗದ ಒಂದು ದಿನ ಇಡಿ.

ಇಷ್ಟು ನಿಧಾನವಾದರೆ ದುಬಾರಿಯಾಗದೇ ಎಂದು ಕೇಳಬಹುದು. ಪ್ರವಾಸದಲ್ಲಿ ಹಣ ಹೆಚ್ಚು ಸೋರುವುದು ಊರಿಂದೂರಿಗೆ ಹೋಗುವಾಗ: ರೈಲು, ಟ್ಯಾಕ್ಸಿ, ಒಂದೆರಡು ರಾತ್ರಿಯ ಹೋಟೆಲ್ ದರ, ಸುಸ್ತಾಗಿ ಹೊರಗೇ ಮುಗಿಸುವ ಊಟ. ವಾರಗಟ್ಟಲೆ ಉಳಿಯುವವರಿಗೆ ಬಾಡಿಗೆಯಲ್ಲಿ ರಿಯಾಯಿತಿ ಸಿಗುವುದು ಸಾಮಾನ್ಯ, ಒಲೆ ಇದ್ದರೆ ಅನ್ನ–ಸಾರು ಮನೆಯಲ್ಲೇ ಆಗುತ್ತದೆ. ಐವತ್ತು ದಿನದ ಒಟ್ಟು ಖರ್ಚು ಹತ್ತು ದಿನದ್ದಕ್ಕಿಂತ ಹೆಚ್ಚೇ. ಆದರೆ ದಿನದ ಲೆಕ್ಕಕ್ಕೆ ಭಾಗಿಸಿದರೆ ನಿಧಾನದ ಪ್ರವಾಸವೇ ಅಗ್ಗ.

ಹೆಜ್ಜೆ 5: ವೀಸಾ, ಸುಳ್ಳಿಲ್ಲದೆ (ಡಿಸೆಂಬರ್ ಕೊನೆ)

ಷೆಂಗೆನ್ ವ್ಯವಸ್ಥೆಯಲ್ಲಿ ಈಗ 29 ದೇಶಗಳಿವೆ. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಇರಬಹುದು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು. ಬೆರಳಚ್ಚು ಕೊಡಲು ಅಮ್ಮನೂ ಖುದ್ದಾಗಿ ವೀಸಾ ಕೇಂದ್ರಕ್ಕೆ ಬರಬೇಕು. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ, ಕೊಳ್ಳುವ ಮೊದಲು ಹೆಜ್ಜೆ 6 ಓದಿ. ವೀಸಾ ಸಿಗುವವರೆಗೆ ಹಣ ಹಿಂದೆ ಬರುವ ಟಿಕೆಟ್ಟು, ರದ್ದು ಮಾಡಬಹುದಾದ ಬುಕಿಂಗ್ ಮಾತ್ರ ಇಟ್ಟುಕೊಳ್ಳಿ. ವೀಸಾ ಬಂದ ಮೇಲೆ ಸ್ಟಿಕರಿನಲ್ಲಿ ದಿನಾಂಕಗಳ ಜೊತೆ ಎಷ್ಟು ದಿನ ಇರಬಹುದೆಂಬ ಸಂಖ್ಯೆಯನ್ನೂ ನೋಡಿ. ಎರಡೂ ಬೇರೆ ಬೇರೆ, ಉಳಿಯಲು ಅನುಮತಿ ಇರುವುದು ಆ ಸಂಖ್ಯೆಯಷ್ಟು ದಿನಕ್ಕೆ ಮಾತ್ರ.

ಕೆಲಸ ಬಿಡುವವರಿಗೆ ಎದುರಾಗುವ ಕಷ್ಟದ ಪ್ರಶ್ನೆ ಇಲ್ಲೇ ಇದೆ. ಮರಳಿ ಬರುತ್ತೀರಿ ಎಂಬುದಕ್ಕೆ ವೀಸಾ ಅಧಿಕಾರಿ ನೋಡುವ ಪುರಾವೆಗಳಲ್ಲಿ ಉದ್ಯೋಗವೂ ಒಂದು. ‘ಕೆಲಸದಲ್ಲಿದ್ದಾಗಲೇ ಕಂಪನಿಯಿಂದ ರಜೆಯ ಪತ್ರ ತಂದು ಅರ್ಜಿ ಹಾಕು, ವೀಸಾ ಬಂದ ಮೇಲೆ ರಾಜೀನಾಮೆ ಕೊಡು’ ಎಂಬ ಬುದ್ಧಿಮಾತು ಆಗ ಸುಲಭವಾಗಿ ಕಿವಿಗೆ ಬೀಳುತ್ತದೆ. ರಜೆ ಮುಗಿಸಿ ಕೆಲಸಕ್ಕೆ ಮರಳುತ್ತೇನೆಂದು ಬರೆದು, ಮರಳುವ ಉದ್ದೇಶವೇ ಇಲ್ಲದಿದ್ದರೆ ಅದು ಸುಳ್ಳು ಹೇಳಿಕೆ. ವೀಸಾ ಕೊಟ್ಟ ಮೇಲೂ ಷರತ್ತು ಪೂರೈಸಿಲ್ಲವೆಂದು ಕಂಡರೆ ಅದನ್ನು ರದ್ದುಮಾಡುವ ಅಧಿಕಾರ ಅವರಿಗಿದೆ. ಅಮ್ಮನ ಜೊತೆ ಪರದೇಶದ ವಿಮಾನ ನಿಲ್ದಾಣದಲ್ಲಿ ಇದನ್ನು ವಿವರಿಸುವ ಪ್ರಸಂಗ ಯಾರಿಗೂ ಬೇಡ. ಹಾಗಾದರೆ ರಾಜೀನಾಮೆ ಕೊಟ್ಟೇ ಅರ್ಜಿ ಹಾಕಬೇಕೇ? ಅದೂ ಬೇಕಿಲ್ಲ. ಕೆಲಸದಲ್ಲಿರುವಾಗಲೇ ಹಾಕಿ, ನಿಜವನ್ನೇ ಬರೆಯಿರಿ. ಈಗ ಇಂಥ ಕಡೆ ಕೆಲಸ ಮಾಡುತ್ತಿದ್ದೇನೆ, ಇಂಥ ತಿಂಗಳು ಬಿಡುವ ಉದ್ದೇಶವಿದೆ, ಉಳಿತಾಯ ಇಷ್ಟಿದೆ, ಇಂಥ ದಿನ ಮರಳುತ್ತೇವೆ ಎಂದು ಅರ್ಜಿಯ ಜೊತೆಗಿನ ಪತ್ರದಲ್ಲಿ ತಿಳಿಸಿ. ಉದ್ಯೋಗದ ಪುರಾವೆಯಲ್ಲಿ ಕಡಿಮೆಯಾದ ತೂಕವನ್ನು ಬೇರೆ ದಾಖಲೆಗಳು ತುಂಬಲಿ: ಕಳೆದ ವರ್ಷಗಳ ಆದಾಯ ತೆರಿಗೆ ರಿಟರ್ನ್, ಏಕಾಏಕಿ ಹಣ ತುಂಬಿಸದೆ ಸಹಜವಾಗಿ ಬೆಳೆದಿರುವ ಬ್ಯಾಂಕ್ ಖಾತೆ, ಮನೆ–ಜಮೀನಿನ ಕಾಗದ, ಅಮ್ಮನ ಪಿಂಚಣಿ, ಊರಲ್ಲಿ ಉಳಿಯುವ ಕುಟುಂಬ. ಅರ್ಜಿ ತಿರಸ್ಕೃತವಾದರೆ ಕಾರಣವಿರುವ ಪತ್ರ ಬರುತ್ತದೆ, ಮೇಲ್ಮನವಿಗೆ ಅಥವಾ ಹೊಸ ಅರ್ಜಿಗೆ ಅವಕಾಶವಿದೆ. ಆಗ ಶುಲ್ಕ ಹೋಗುತ್ತದೆ, ಕೆಲಸ ಉಳಿದಿರುತ್ತದೆ. ರಾಜೀನಾಮೆಯನ್ನು ವೀಸಾದ ಹಿಂದಿಡಬೇಕು ಎನ್ನಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಹೆಜ್ಜೆ 6: ಹಣ ಮತ್ತು ವಿಮೆ (ಜನವರಿ)

ಕೈಯಲ್ಲಿರುವ ಹಣವನ್ನು ಮೂರು ಪಾಲು ಮಾಡಿ. ಒಂದು ಪ್ರವಾಸಕ್ಕೆ. ಇನ್ನೊಂದು, ಮರಳಿದ ಮೇಲೆ ಕೆಲಸ ಸಿಗುವವರೆಗಿನ ಕನಿಷ್ಠ ಆರು ತಿಂಗಳ ಮನೆ ಖರ್ಚಿಗೆ. ಮೂರನೆಯದು, ಇಬ್ಬರೂ ನಾಳೆಯೇ ಹೊರಟು ಬರಬೇಕಾದರೆ ಕೊಳ್ಳುವ ದುಬಾರಿ ಟಿಕೆಟ್ಟಿಗೆ. ಎರಡನೆಯ ಮತ್ತು ಮೂರನೆಯ ಪಾಲು ತೆಗೆದಿಟ್ಟ ಮೇಲೆ ಉಳಿದದ್ದೇ ಪ್ರವಾಸದ ಬಜೆಟ್ಟು. ಅದು ಸಾಲದಿದ್ದರೆ ದಿನ ಕಡಿಮೆ ಮಾಡಿ, ಪಿ.ಎಫ್. ಮುಟ್ಟಬೇಡಿ. ಹೆಚ್ಚು ಮಿತಿಯ ಕ್ರೆಡಿಟ್ ಕಾರ್ಡ್ ಬೇಕಿದ್ದರೆ ಸಂಬಳದ ಚೀಟಿ ಬರುತ್ತಿರುವಾಗಲೇ ತೆಗೆದುಕೊಳ್ಳಿ, ಕೆಲಸ ಬಿಟ್ಟ ಮೇಲೆ ಸಿಗುವುದು ಕಷ್ಟ. ಎರಡು ಬೇರೆ ಬ್ಯಾಂಕುಗಳ ಕಾರ್ಡ್ ಇರಲಿ, ಬೇರೆ ಬೇರೆ ಚೀಲದಲ್ಲಿರಲಿ. ಅಂಗಡಿಯ ಯಂತ್ರ ರೂಪಾಯಿಯೋ ಯೂರೊವೋ ಎಂದು ಕೇಳಿದರೆ ಯೂರೊ ಒತ್ತಿ, ರೂಪಾಯಿಯ ಆಯ್ಕೆಯಲ್ಲಿ ವಿನಿಮಯ ದರ ಸಾಮಾನ್ಯವಾಗಿ ನಮಗೆ ನಷ್ಟದ್ದೇ. ಟೂರ್ ಪ್ಯಾಕೇಜ್ ಕೊಂಡಾಗ, ಅಥವಾ ಮಿತಿ ಮೀರಿ ಹೊರದೇಶಕ್ಕೆ ಹಣ ಕಳಿಸಿದಾಗ ಟಿ.ಸಿ.ಎಸ್. (ಮೂಲದಲ್ಲೇ ವಸೂಲಾಗುವ ತೆರಿಗೆ) ಎಂದು ಒಂದು ಮೊತ್ತ ಹಿಡಿಯುತ್ತಾರೆ. ಇದರ ದರ, ಮಿತಿ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತವೆ. ಅದು ಯಾರ ಪ್ಯಾನ್ ಮೇಲೆ ಹಿಡಿದದ್ದೋ ಅವರ ರಿಟರ್ನಿನಲ್ಲೇ ಹೊಂದಿಕೆ ಅಥವಾ ಮರುಪಾವತಿ ಆಗುವುದು. ಅಮ್ಮನ ಪ್ಯಾನ್ ಕೊಟ್ಟರೆ ತೆರಿಗೆ ಬಾರದಿದ್ದರೂ ಅವರು ರಿಟರ್ನ್ ಸಲ್ಲಿಸಬೇಕಾಗುತ್ತದೆ.

ವಿಮೆಯಲ್ಲಿ ಎರಡು ಬೇರೆ ವಿಷಯಗಳಿವೆ. ಮೊದಲನೆಯದು ಪ್ರವಾಸದ್ದು. ಅಗ್ಗದ ಪಾಲಿಸಿ ವೀಸಾಕ್ಕೆ ಸಾಕಾಗಬಹುದು, ಅಮ್ಮನಿಗೆ ಸಾಲದೆ ಹೋಗಬಹುದು. ಮೊದಲೇ ಇರುವ ಕಾಯಿಲೆಗೆ ಜೀವಾಪಾಯದ ತುರ್ತಿನಲ್ಲಿ ಮಾತ್ರ ಹಣ ಕೊಡುವ, 60 ದಾಟಿದವರಿಗೆ ಒಂದೊಂದು ಚಿಕಿತ್ಸೆಗೂ ಒಳಮಿತಿ ಹಾಕುವ ಪಾಲಿಸಿಗಳು ಬಹಳ ಇವೆ. ಮಧುಮೇಹ, ಬಿ.ಪಿ. ಇರುವುದನ್ನು ಮುಚ್ಚಿಟ್ಟು ಕೊಂಡ ಪಾಲಿಸಿ ಬೇಕಾದ ದಿನವೇ ಕೈಕೊಡುತ್ತದೆ. ಎರಡನೆಯದು ಊರಿನದು. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ, ಅದರಲ್ಲಿರುವ ಅಮ್ಮನ ರಕ್ಷಣೆಯೂ ಅಂದೇ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಕಾಯಿಲೆಗೆ ರಕ್ಷಣೆ ಇರುವುದಿಲ್ಲ, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೋದರೆ ಈಗಾಗಲೇ ಕಾದ ಅವಧಿಯ ಲಾಭ ಉಳಿಸಿಕೊಳ್ಳಲು ಅವಕಾಶವಿದೆ. ಇದನ್ನು ಕೊನೆಯ ದಿನಕ್ಕೆ ಬಹಳ ಮೊದಲೇ ಕೇಳಬೇಕು. ವಯಸ್ಸಾಯಿತೆಂದು ಅರ್ಜಿಯನ್ನೇ ತೆಗೆದುಕೊಳ್ಳದಿರುವ ಹಳೆಯ ರೂಢಿಗೆ 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಕ ಐ.ಆರ್.ಡಿ.ಎ.ಐ.ಯ ನಿಯಮಗಳಲ್ಲಿ ಆಧಾರವಿಲ್ಲ.

ಹೆಜ್ಜೆ 7: ಈಗ ರಾಜೀನಾಮೆ (ಜನವರಿ ನಡುವೆ)

ವೀಸಾ ಕೈಗೆ ಬಂದ ಮೇಲೆ ಪತ್ರ ಕೊಟ್ಟರೆ, ತೊಂಬತ್ತು ದಿನದ ನೋಟಿಸ್ ಏಪ್ರಿಲ್ ನಡುವೆ ಮುಗಿಯುತ್ತದೆ. ಪತ್ರ ಕೊಡುವ ಮೊದಲು ಸಂಬಳವಿಲ್ಲದ ದೀರ್ಘ ರಜೆ ಸಿಗುತ್ತದೆಯೇ ಎಂದು ಒಮ್ಮೆ ಕೇಳಿ, ಸಿಕ್ಕರೆ ಕೆಲಸ ಬಿಡುವ ಅಗತ್ಯವೇ ಇಲ್ಲ. ಸೇವೆ ಐದು ವರ್ಷ ತುಂಬಲು ಸ್ವಲ್ಪವೇ ಬಾಕಿ ಇದ್ದರೆ ಗ್ರಾಚ್ಯುಟಿಗಾಗಿ ಕಾಯುವುದು ಲಾಭವೇ ಎಂದು ಲೆಕ್ಕ ಹಾಕಿ. ಕೊನೆಯ ದಿನ ರಿಲೀವಿಂಗ್ ಪತ್ರ, ಅನುಭವ ಪತ್ರ ಕೈಯಲ್ಲಿರಲಿ. ಪಿ.ಎಫ್. ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ, ಬಾಕಿ ಲೆಕ್ಕ ಯಾವಾಗ ಚುಕ್ತಾ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬ್ಯಾಂಕಿನ ಓ.ಟಿ.ಪಿ. ಬರುವ ಇಬ್ಬರ ಸಿಮ್ಮಿಗೂ ರೋಮಿಂಗ್ ಇರಲಿ, ಹೊರದೇಶದಿಂದ ಅಮ್ಮನ ಬ್ಯಾಂಕ್ ಖಾತೆಯೊಳಗೆ ಹೋಗಲು ಆ ನಂಬರೇ ಬೇಕು. ಠೇವಣಿ ಬಡ್ಡಿಗೆ ತೆರಿಗೆ ಮುರಿಯದಿರಲು ಹಿರಿಯರು ಪ್ರತಿ ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಕೊಡುವ ಘೋಷಣೆಯನ್ನು ಹೊರಡುವ ಮೊದಲೇ ಕೊಡಿಸಿ. ಊರಲ್ಲಿ ಮನೆ ಬೀಗದ ಕೈ ಯಾರ ಬಳಿ, ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆ ಎಂಬುದು ತೀರ್ಮಾನವಾಗಲಿ.

ಹೆಜ್ಜೆ 8: ವಿಮಾನ ಮತ್ತು ಚೀಲ (ಏಪ್ರಿಲ್)

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಪ್ಯಾರಿಸ್‌ನಂಥ ಊರುಗಳಿಗೆ ನೇರ ವಿಮಾನಗಳಿವೆ. ನಡುರಾತ್ರಿ ಇನ್ನೊಂದು ನಿಲ್ದಾಣದಲ್ಲಿ ವಿಮಾನ ಬದಲಿಸುವ ಅಗ್ಗದ ಟಿಕೆಟ್ಟಿಗಿಂತ ನೇರ ವಿಮಾನದ ಹೆಚ್ಚಿನ ದರ ಹಿರಿಯರ ವಿಷಯದಲ್ಲಿ ಸಾರ್ಥಕ. ಗಾಲಿಕುರ್ಚಿಯನ್ನು 48 ಗಂಟೆ ಮೊದಲು ಕೇಳಿ. ಯುರೋಪಿನ ನಿಲ್ದಾಣಗಳಲ್ಲಿ ಈ ನೆರವು ಉಚಿತವಾಗಿ ಸಿಗಬೇಕೆಂಬುದು ಅಲ್ಲಿನ ಕಾನೂನು. ದೂರ ಮಾತ್ರ ನಡೆಯಲಾಗದು ಎಂಬುದಕ್ಕೂ ಮೆಟ್ಟಿಲು ಹತ್ತಲಾಗದು ಎಂಬುದಕ್ಕೂ ವಿಮಾನ ಸಂಸ್ಥೆಯಲ್ಲಿ ಬೇರೆ ಸಂಕೇತಗಳಿವೆ, ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬೇಸಿಗೆಯಲ್ಲಿ ಮಧ್ಯ ಯುರೋಪಿಗೂ ನಮಗೂ ಮೂರೂವರೆ ಗಂಟೆ ಅಂತರ. ಮೊದಲ ಮೂರು ದಿನ ಯಾವ ಟಿಕೆಟ್ಟನ್ನೂ ಮುಂಗಡ ಕೊಳ್ಳಬೇಡಿ, ನಿದ್ದೆ ಹೊಂದಿಕೊಳ್ಳಲಿ.

ಚೀಲ ತುಂಬುವಾಗ ತಾಯಂದಿರ ಪಟ್ಟಿಗೂ ಯುರೋಪಿನ ಕಸ್ಟಮ್ಸ್ ಪಟ್ಟಿಗೂ ತಾಳೆಯಾಗದು. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ, ಹಾಗಾಗಿ ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಉಳಿಯಬೇಕು. ಹಸಿ ಕರಿಬೇವು, ವೀಳ್ಯದೆಲೆಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿಗೆ ಬೇಡ. ಒಣಕೊಬ್ಬರಿ ಬೆಂಕಿ ಹೊತ್ತಿಕೊಳ್ಳಬಹುದಾದ ವಸ್ತುವೆಂದು ವಿಮಾನದ ಸಾಮಾನಿನಲ್ಲಿ ನಿಷಿದ್ಧ. ಸಾರಿನ ಪುಡಿ, ಅವಲಕ್ಕಿ, ಬೇಳೆ ಅಡ್ಡಿಯಿಲ್ಲ. ಶೌಚಕ್ಕೆ ಸಣ್ಣ ಚೊಂಬು ಒಯ್ಯಿರಿ, ಅಲ್ಲಿನ ಶೌಚಾಲಯದಲ್ಲಿ ಸಾಮಾನ್ಯವಾಗಿ ಕಾಗದ ಮಾತ್ರ ಇರುತ್ತದೆ. ಹೊರಗಿನ ಶೌಚಾಲಯಕ್ಕೆ ಚಿಲ್ಲರೆ ಯೂರೊ ನಾಣ್ಯ ಸದಾ ಬೇಕು. 112 ಎಂಬುದು ಅಲ್ಲಿನ ತುರ್ತು ಸಂಖ್ಯೆ. ಅದನ್ನು ತಂಗಿರುವ ಮನೆಯ ವಿಳಾಸದ ಜೊತೆ ದೊಡ್ಡ ಅಕ್ಷರದಲ್ಲಿ ಬರೆದು ಅಮ್ಮನ ಪರ್ಸಿನಲ್ಲಿಡಿ.

ಉಳಿದ ಆಕ್ಷೇಪಗಳು

ಇಷ್ಟೆಲ್ಲ ತಾಪತ್ರಯ ಏಕೆ, ಟೂರ್ ಕಂಪನಿಯವರ ಜೊತೆ ಹೋದರಾಯಿತಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಅಲ್ಲಿ ನಮ್ಮ ಊಟವಿರುತ್ತದೆ, ಓರಗೆಯವರ ಜೊತೆ ಇರುತ್ತದೆ, ಲಗೇಜು ಹೊರುವ ಚಿಂತೆ ಇರುವುದಿಲ್ಲ. ಹತ್ತು ದಿನದ ರಜೆ ಮಾತ್ರ ಇರುವವರಿಗೆ ಅದೇ ಸರಿ. ಆದರೆ ಗುಂಪಿನ ವೇಗವನ್ನು ನಿಮ್ಮ ಅಮ್ಮನಿಗಾಗಿ ತಗ್ಗಿಸಲಾಗದು. ಬೆಳಗಿನ ಜಾವ ಎದ್ದು ಬಸ್ಸು ಹತ್ತಿ, ಎರಡು ರಾತ್ರಿಗೊಮ್ಮೆ ಹಾಸಿಗೆ ಬದಲಿಸಲು ಕೆಲಸ ಬಿಡಬೇಕಾದ್ದೇನೂ ಇಲ್ಲ. ಕೆಲಸದ ನಡುವೆ ಅಂತರ ಬಿದ್ದರೆ ಮುಂದೆ ತೊಂದರೆಯಾಗದೇ ಎಂಬುದು ಇನ್ನೊಂದು ಅಳುಕು. ಮಾರುಕಟ್ಟೆ ಕೆಟ್ಟಿದ್ದರೆ ಹೊಸ ಕೆಲಸಕ್ಕೆ ಹೆಚ್ಚು ಕಾಲ ಹಿಡಿಯಬಹುದು, ಅದನ್ನು ಅಲ್ಲಗಳೆಯಲಾಗದು. ಆರು ತಿಂಗಳ ಮನೆ ಖರ್ಚನ್ನು ಮೊದಲೇ ತೆಗೆದಿಡಿ ಎಂದದ್ದು ಅದಕ್ಕೇ. ಆ ಪಾಲು ಇಲ್ಲದವರು ಹೊರಡದಿರುವುದೇ ಜಾಣತನ. ಪರದೇಶದಲ್ಲಿ ಅಮ್ಮನಿಗೆ ಏನಾದರೂ ಆದರೆ ಎಂಬ ಭಯ ಎಲ್ಲಕ್ಕಿಂತ ದೊಡ್ಡದು. ಅದನ್ನು ಪೂರ್ತಿ ತೆಗೆದುಹಾಕುವ ಯೋಜನೆ ಯಾವುದೂ ಇಲ್ಲ. ಆದರೆ ಎಡವಿ ಬೀಳುವುದು, ಮಾತ್ರೆ ತಪ್ಪುವುದು, ನೀರು ಕುಡಿಯದೆ ಬಳಲುವುದು ಆತುರದ ದಿನಗಳಲ್ಲೇ ಹೆಚ್ಚು. ನಿಧಾನದ ಪ್ರವಾಸ ಆ ಕಾರಣಗಳನ್ನೇ ಕಡಿಮೆ ಮಾಡುತ್ತದೆ.

ಹಾಗಾಗಿ ರಾಜೀನಾಮೆಯ ಮೇಲ್ ಕಳಿಸುವ ಮೊದಲು ಮೇಜಿನ ಮೇಲೆ ಮೂರು ಕಾಗದ ಇವೆಯೇ ನೋಡಿಕೊಳ್ಳಿ: ವೈದ್ಯರು ಸಹಿ ಮಾಡಿದ ಸಾರಾಂಶ, ವೀಸಾ ಅಂಟಿಸಿದ ಎರಡು ಪಾಸ್‌ಪೋರ್ಟು, ಮರಳಿದ ನಂತರದ ಆರು ತಿಂಗಳ ಖರ್ಚಿನ ಲೆಕ್ಕ. ಮೂರೂ ಇದ್ದರೆ ಕಳಿಸಿ. ಒಂದು ಇಲ್ಲದಿದ್ದರೂ ಅದು ಬರುವವರೆಗೆ ಕೆಲಸದಲ್ಲಿರಿ. ಏಪ್ರಿಲ್ ತಪ್ಪಿದರೆ ಹಬ್ಬ–ತಿಥಿಗಳ ವಿಷಯ ಅಮ್ಮನ ಜೊತೆ ಮಾತಾಡಿಕೊಂಡು ಸೆಪ್ಟೆಂಬರ್ ನೋಡಬಹುದು, ಅದೂ ಆಗದಿದ್ದರೆ ಮುಂದಿನ ಏಪ್ರಿಲ್. ಅಲ್ಲಿಯವರೆಗೆ ಬೆಳಗಿನ ನಡಿಗೆಯನ್ನು ಮಾತ್ರ ಇಬ್ಬರೂ ನಿಲ್ಲಿಸಬೇಡಿ.